ಎಡ ಮೂಲೆ

ಪತ್ರ ಬರೆದವನು ನಾನೇ.
ಬೈತಖೋಲದ ಐಸ್ ಫ್ಯಾಕ್ಟರಿಯ ಲೆಟರ್‌ಹೆಡ್ಡಿನಲ್ಲಿ,
ಡೀಸೆಲ್ ಬಿಲ್ಲು, ಅಮೋನಿಯದ ರಸೀದಿ, ಇವುಗಳ ನಡುವೆ:
ನಮ್ಮ ಕಬಡ್ಡಿ ತಂಡದ ಪುರುಷೋತ್ತಮ ದುರ್ಗೇಕರ್, ಎಡ ಮೂಲೆ,
ಇನ್ನು ಮುಂದೆ ಭಟ್ಕಳದವರ ಆಟಗಾರ.
ಬದಲಿಗೆ ಜುಜೆ ಸಿದ್ದಿ, ವಯಸ್ಸು ಹದಿನೆಂಟು,
ಬೊಮ್ಮು ಗೌಡ, ಹತ್ತೊಂಬತ್ತು,
ಮತ್ತು ಬರುವ ವರ್ಷದ ಹರಾಜಿನಲ್ಲಿ
ಅವರ ಮೊದಲ ಕೂಗು ನಮಗೆ.

ಆ ಕೂಗು ಯಾರ ಹೆಸರಿನದೆಂದು ಯಾರಿಗೂ ಗೊತ್ತಿಲ್ಲ.
ಆ ಹುಡುಗ ಈಗ ಯಾವುದೋ ಹೈಸ್ಕೂಲಿನ ಹಿಂದೆ
ಚಪ್ಪಲಿಯಿಟ್ಟು ಗಡಿ ಮಾಡಿಕೊಂಡು ಆಡುತ್ತಿರಬಹುದು.

ಪೆಡ್ನೇಕರ್ ಸಾಹುಕಾರರ ಲೆಕ್ಕದಲ್ಲಿ ತಪ್ಪಿಲ್ಲ, ನಾನೇ ಕೂಡಿಸಿ ನೋಡಿದ್ದೆ.
ಮೂರು ಋತುವಿನಲ್ಲಿ ಪುರ್ಸು ಹಿಡಿದದ್ದು
ಅರವತ್ತೊಂದು, ನಲವತ್ತೆಂಟು, ಇಪ್ಪತ್ತೊಂಬತ್ತು.
ಬಲ ಮಂಡಿಗೆ ಎರಡು ಸಲ ಸೂಜಿ.
ಐಸ್ ಮಾರುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ,
ಕರಗುವ ಮೊದಲೇ ತೂಕಕ್ಕೆ ಹಾಕಬೇಕು.

‘ಜೂನ್, ಜುಲೈಯಲ್ಲಿ ಬೋಟು ಇಳಿಸುತ್ತೀರೇನು?
ಮರಿ ದೊಡ್ಡದಾಗಲಿ ಅಂತ ಬಲೆ ಹರವಿ ಕೂರುವುದಿಲ್ಲವೇ?
ಎರಡು ವರ್ಷ ಬಂದ್ ಅಂದುಕೊಳ್ಳಿ. ಸೋಲೋಣ.
ಸೋತವರಿಗೇ ಹರಾಜಿನಲ್ಲಿ ಮೊದಲ ಸರದಿ.’
ಅಂದರು ಸಾಹುಕಾರರು, ಬಂದರಿನಲ್ಲಿ, ಎಲ್ಲರೂ ಕೇಳುವ ಹಾಗೆ.
ಬುಟ್ಟಿಯಿಂದ ತಲೆಯೆತ್ತದೆಯೇ ಶೇವಂತಿ ಹರಿಕಂತ್ರ ಹೇಳಿದಳು:
‘ಬಂದ್ ಇದ್ದಾಗ ನಾವು ಒಣಮೀನು ತಿಂತೇವೆ ಸಾಹುಕಾರ್ರೇ,
ನೀವು ಮಾರಿದ್ದು ಅದನ್ನೇ.’

ಪತ್ರ ಕೊಡಲು ಕೋಡಿಬಾಗಕ್ಕೆ ಹೋದೆ.
ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ.
ಎರಡು ಸಲ ಓದಿದ.
‘ಇಬ್ಬರು ಹುಡುಗರು, ಮೇಲೊಂದು ಕೂಗು.
ಹಾಗಾದರೆ ನಾನು ಎರಡೂವರೆ ಜನ’ ಎಂದು ನಕ್ಕ.
ಫ್ಯಾಕ್ಟರಿಯ ಪಗಾರ ಈ ತಿಂಗಳಿಗೇ ಮುಗಿಯಿತೋ ಎಂದು ಕೇಳಿದ.
ನಾನು ತಲೆಯಾಡಿಸಿದೆ.
ಆಮೇಲೆ, ‘ಆ ಸಿದ್ದಿ ಹುಡುಗ
ಒಳಗೆ ಬರುವಾಗ ಯಾವ ಕಾಲು ಮುಂದೆ?’
ನನಗೆ ಗೊತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಅಷ್ಟೇ.

ಆ ವರ್ಷ ಹದಿನಾಲ್ಕರಲ್ಲಿ ಹನ್ನೊಂದು ಸೋತೆವು.
ಬೊಮ್ಮು ಭುಜ ಜಾರಿಸಿಕೊಂಡು ಅಂಕೋಲೆಗೆ ಹೋದವನು
ದೀಪಾವಳಿಯ ತನಕ ಬರಲಿಲ್ಲ.
ಜುಜೆ ರಾತ್ರಿ ಫ್ಯಾಕ್ಟರಿಯ ಮಾಳಿಗೆಯಲ್ಲಿ ಮಲಗುತ್ತಿದ್ದ,
ಯಂತ್ರದ ಸದ್ದಿಗಿಂತ ಕಡಲಿನ ಸದ್ದೇ ನಿದ್ದೆ ಕೆಡಿಸುತ್ತದೆ ಅನ್ನುತ್ತಿದ್ದ.

ಮಾಲಾದೇವಿ ಮೈದಾನಕ್ಕೆ ಭಟ್ಕಳದವರು ಬಂದ ಸಂಜೆ
ಪುರ್ಸು ರೂಢಿಯಿಂದ ನಮ್ಮ ಬೆಂಚಿನ ಕೆಳಗೇ ಚಪ್ಪಲಿ ಬಿಟ್ಟ.
ಯಾರೂ ಏನೂ ಅನ್ನಲಿಲ್ಲ. ಅವನೇ ನೋಡಿಕೊಂಡು
ಎತ್ತಿಕೊಂಡು ಆಚೆ ಹೋದ.
ಜುಜೆ ಎರಡು ಸಲ ಒಳಗೆ ಹೋದ, ಎರಡು ಸಲವೂ
ಪಾದದ ಗಂಟು ಪುರ್ಸುವಿನ ಕೈಯಲ್ಲಿ.
ಸಾವಿರ ಜನ. ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ
ಅರ್ಧ ಎತ್ತಿದ ಕೈಗಳು.
ಸ್ಕೋರು ಬರೆಯುವ ಕೆಲಸವೂ ನನ್ನದೇ. ಬರೆದೆ.

ಅವನಿಂದಲೇ ಭಟ್ಕಳ ಗೆದ್ದಿತು, ಫೈನಲ್ಲೂ ಗೆದ್ದಿತು.
ಗೆದ್ದ ತಂಡಕ್ಕೆ ಹರಾಜಿನಲ್ಲಿ ಕೊನೆಯ ಸರದಿ,
ಆ ಸರದಿಯೇ ಅಲ್ಲವೇ ನಾವು ಬರೆಸಿಕೊಂಡಿದ್ದು!
ಸಾಹುಕಾರರು ಪತ್ರವನ್ನು ತರಿಸಿ ಓದಿದರು,
ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು,
ನನ್ನ ಕಡೆ ನೋಡಿದರು.
ಅಕ್ಷರ ನನ್ನದು, ಲೆಕ್ಕ ಅವರದು.

ಎಲ್ಲರೂ ಕೂಗಿ ಬಿಟ್ಟ ಮೇಲೆ ಉಳಿದದ್ದು
ಮಾಜಾಳಿಯ ಒಬ್ಬ ಹುಡುಗ, ತೆಳ್ಳಗೆ, ಉದ್ದ ಕೈ,
ಹೆಸರು ಕರೆದಾಗ ತನ್ನನ್ನಲ್ಲವೆಂದು ಹಿಂದೆ ತಿರುಗಿ ನೋಡಿದವನು.

ಮೊದಲ ದಿನ ಅವನನ್ನು ಎಡ ಮೂಲೆಗೆ ನಿಲ್ಲಿಸಿದರು.
ಜುಜೆ ಹಿಂದಿನಿಂದ ಬಂದು, ಏನೂ ಹೇಳದೆ,
ಅವನ ಎಡ ಪಾದವನ್ನು ಒಂದು ಗೇಣು ಹಿಂದಕ್ಕೆ ಸರಿಸಿದ,
ಸೊಂಟ ಒತ್ತಿ ಕೆಳಗಿಳಿಸಿದ.
ನಾನು ಲೆಕ್ಕದ ಪುಸ್ತಕ ಮುಚ್ಚಿ ನೋಡಿದೆ,
ಪುರ್ಸು ನಿಲ್ಲುತ್ತಿದ್ದದ್ದು ಹಾಗೆಯೇ.
ಜುಜೆ ಅವನ ಜೊತೆ ಒಂದು ದಿನವೂ ಅಭ್ಯಾಸ ಮಾಡಿದವನಲ್ಲ.
ಎರಡು ಸಲ ಸಿಕ್ಕಿಬಿದ್ದಿದ್ದಾನೆ, ಅಷ್ಟೇ.